ಹದಿನಾಲ್ಕು ಮನೆಗಳ ಒಂದೇ ಹೂಪಾತಿ

ಅಪ್ಪರ್ ಸ್ನೆಡ್‌ಬರಿ ಗ್ರಾಮದಲ್ಲಿ ಹದಿನಾಲ್ಕು ಮನೆಗಳಿದ್ದು, ಹದಿನಾಲ್ಕಕ್ಕೂ ಸೇರಿ ಒಂದೇ ಹೂಪಾತಿ ಇದೆ. ಈ ವಿಷಯದಲ್ಲಿ ಯಾರಿಗೂ ತಕರಾರಿಲ್ಲ ಎಂದು ಹೂಪಾತಿ ಸಮಿತಿಯ ನಡಾವಳಿಯಲ್ಲಿ ದಾಖಲಾಗಿದೆ.

ಪಾತಿ ಇರುವುದು ಕೊಳದ ಪಕ್ಕ, ಸೆಡ್ರಿಕ್ ಪೆಟಿಫರನ ಮನೆಯ ಮುಂದೆ. ನೆಟ್ಟವಳು ಅವನ ಹೆಂಡತಿ ಮೇಬೆಲ್. ಅವಳು ತೀರಿಕೊಂಡು ಎರಡು ವರ್ಷವಾಗಿತ್ತು. ಹಿಂದುಗಡೆ ಮುಳ್ಳುಮುಳ್ಳಾದ ಸೀ ಹಾಲಿ, ನಡುವೆ ಬೆಕ್ಕುಗಳಿಗೆ ಪ್ರಾಣವಾದ ಕ್ಯಾಟ್‌ಮಿಂಟ್, ಅಂಚಿಗೆ ಕುರಿಮರಿಯ ಕಿವಿಯಂಥ ಎಲೆಯ ಗಿಡ. ಎಲ್ಲವೂ ಬೆಳ್ಳಿನೀಲಿ. ಚಳಿಗಾಲದಲ್ಲಿ ಸತ್ತಂತೆ ಬಿದ್ದಿರುತ್ತವೆ. ವಸಂತಕ್ಕೆ ಬುಡದಿಂದ ತಾವಾಗಿಯೇ ಏಳುತ್ತವೆ.

"ಅದರ ಪಾಡಿಗೆ ಅದನ್ನ ಬಿಡು ಸೆಡ್ರಿಕ್, ಕೈ ಹಾಕಬೇಡ" ಎಂದು ಮೇಬೆಲ್ ಹೇಳುತ್ತಿದ್ದಳು. ಅವನು ಕೈ ಹಾಕಿರಲಿಲ್ಲ. ಬೆಂಚಿನ ಮೇಲೆ ಕೂತು ನೋಡುತ್ತಿದ್ದ. ಮನೆಯಲ್ಲಿ ಎರಡು ಕಪ್ ಇದ್ದವು. ಒಂದನ್ನು ತೊಳೆಯುತ್ತಿದ್ದ.

ಹಿಂದಿನ ಬೇಸಿಗೆಯ ಹೂಗ್ರಾಮ ಸ್ಪರ್ಧೆಯಲ್ಲಿ ಸ್ನೆಡ್‌ಬರಿ ಸೋತಿತ್ತು. ತೀರ್ಪುಗಾರರು ಬರೆದದ್ದು ಇಷ್ಟೇ: "ಕೆಂಪು, ಕಿತ್ತಳೆ ವಿಪರೀತ. ಕೊಳದ ಪಕ್ಕದ ಬೆಳ್ಳಿನೀಲಿ ಪಾತಿಯಲ್ಲಿ ಮಾತ್ರ ಕಣ್ಣಿಗೆ ವಿಶ್ರಾಂತಿ ಸಿಕ್ಕಿತು." ಸಮಿತಿ ತುರ್ತು ಸಭೆ ಸೇರಿತು. ಬರುವ ಜುಲೈ ಒಳಗಾಗಿ ಸಮಸ್ತ ಮನೆಗಳೂ ಕಣ್ಣಿಗೆ ವಿಶ್ರಾಂತಿ ನೀಡತಕ್ಕದ್ದು ಎಂದು ನಿರ್ಣಯವಾಯಿತು. ಹದಿಮೂರು ಮನೆಯವರು ಇದ್ದ ಗಿಡಗಳನ್ನೆಲ್ಲ ಕಿತ್ತು, ನೆಲ ಹಸನು ಮಾಡಿ, ಬೆಳ್ಳಿನೀಲಿಗಾಗಿ ಕಾದರು. ಅದು ಎಲ್ಲಿಂದ ಬರಬೇಕು ಎಂಬುದು ಕಾರ್ಯಸೂಚಿಯಲ್ಲಿ ಇರಲಿಲ್ಲ.

ಏಪ್ರಿಲ್‌ನಲ್ಲಿ ಅಧ್ಯಕ್ಷೆ ಹೆಸ್ಟರ್ ಗಾರ್ಸೈಡ್ ಅಳತೆ ಪಟ್ಟಿ ಹಿಡಿದು ಬಂದರು.

"ಸೆಡ್ರಿಕ್, ನಿಮ್ಮ ಪಾತೀನ ಹದಿನಾಲ್ಕು ಪಾಲು ಮಾಡ್ತಿದೀವಿ. ನಿಮ್ಮ ಪಾಲು ನಿಮಗೇ ಇರುತ್ತೆ. ಚಿಂತೆ ಬೇಡ."

"ಇದು ಮೇಬೆಲ್‌ದು."

"ಗೊತ್ತು. ಅವರಿಗೆ ಕೃತಜ್ಞತೆ ಅಂತ ನಿರ್ಣಯ ಪಾಸು ಮಾಡಿದೀವಿ."

"ಸೀ ಹಾಲಿ ಬೇರು ಕ್ಯಾರೆಟ್ ಥರ ಆಳಕ್ಕೆ ಹೋಗಿರುತ್ತೆ ಮೇಡಂ. ಕಿತ್ತರೆ ಸಾಯುತ್ತೆ."

"ಸಾಯುತ್ತೆ ಅನ್ನೋದು ನಿಮ್ಮ ಅಭಿಪ್ರಾಯ. ಸಮಿತಿಗೆ ಪ್ರಯೋಗ ಬೇಕು."

ಪ್ರಯೋಗವನ್ನು ಪಕ್ಕದ ಮನೆಯ ಡೆನ್ಜಿಲ್‌ಗೆ ವಹಿಸಲಾಯಿತು. "ಬೇಜಾರು ಮಾಡ್ಕೋಬೇಡ ಮಾರಾಯ, ಲಿಖಿತ ಆದೇಶ ಇದೆ" ಎಂದು ಅವನು ಗುದ್ದಲಿ ಹಾಕಿದ. ಸೆಡ್ರಿಕ್ ಒಳಗೆ ಹೋಗಿ ಪರದೆ ಎಳೆದುಕೊಂಡ. ಡೆನ್ಜಿಲ್ ಮನೆ ಮುಂದೆ ನೆಟ್ಟ ಸೀ ಹಾಲಿ ಐದನೇ ದಿನಕ್ಕೆ ಸತ್ತಿತು. ಇತ್ತ ಮೇಬೆಲ್‌ಳ ಪಾತಿಯಲ್ಲಿ ಒಂದು ಹಳ್ಳ ಉಳಿಯಿತು. "ಗಿಡವು ಸಹಕರಿಸಲಿಲ್ಲ" ಎಂದು ನಡಾವಳಿಯಲ್ಲಿ ಬರೆಯಲಾಯಿತು. ಉಳಿದ ಗಿಡಗಳಲ್ಲಿ ಕೆಲವಾದರೂ ಸಹಕರಿಸಬಹುದು, ಸೋಮವಾರದಿಂದ ಅಗೆಯೋಣ ಎಂದು ಹೆಸ್ಟರ್ ಮುಂದಿನ ಸಭೆಯಲ್ಲಿ ಸೂಚಿಸಿದರು.

ಸೆಡ್ರಿಕ್ ಎದ್ದು ನಿಂತ. ಅವನು ಸಭೆಯಲ್ಲಿ ಎಂದೂ ಮಾತಾಡಿದವನಲ್ಲ.

"ತೀರ್ಪುಗಾರರು ಮನೆ ಗುರುತಿಸೋದು ಯಾವುದರಿಂದ? ಗೇಟಿನ ಮೇಲಿರೋ ಹೆಸರಿನ ಹಲಗೆಯಿಂದ. ಗಿಡ ಕೀಳಬೇಡಿ. ಹಲಗೆ ಕಿತ್ಕೊಂಡು ಬನ್ನಿ."

ಅವನು ಹೇಳಿದ್ದು ಸಿಟ್ಟಿನಿಂದ. ಯಾರೂ ನಗಲಿಲ್ಲ. ಹೆಸ್ಟರ್ ಬರೆದುಕೊಂಡರು. ಡೆನ್ಜಿಲ್ ಅನುಮೋದಿಸಿದ. ಬಿಸ್ಕತ್ತು ಹಂಚಲಾಯಿತು.

ಜುಲೈನಲ್ಲಿ ತೀರ್ಪುಗಾರ ಆಂಬ್ರೋಸ್ ವಿಂಟರ್‌ಬರ್ನ್ ಬಂದರು. ಸ್ನೆಡ್‌ಬರಿಯ ದಾರಿ ಕೊಳವನ್ನು ಸುತ್ತಿ ಹೊರಟಲ್ಲಿಗೇ ಬರುತ್ತದೆ. ಅವರು ಒಂದು ಸುತ್ತು ಮುಗಿಸುವಷ್ಟರಲ್ಲಿ ಸೆಡ್ರಿಕ್‌ನ ಗೇಟಿಗೆ ಇನ್ನೊಂದು ಮನೆಯ ಹಲಗೆ ನೇತಾಡುತ್ತಿತ್ತು. ಆ ಹಲಗೆಯ ಮನೆಯವರು ಟೋಪಿ ಹಾಕಿಕೊಂಡು ನಿಂತಿರುತ್ತಿದ್ದರು. ಸೆಡ್ರಿಕ್‌ನ ಅಡುಗೆಮನೆಯಿಂದ ಚಹಾ ಬರುತ್ತಿತ್ತು.

ಒಂಬತ್ತನೇ ಸುತ್ತಿಗೆ ವಿಂಟರ್‌ಬರ್ನ್ ಕ್ಯಾಟ್‌ಮಿಂಟ್ ನಡುವೆ ಮಲಗಿದ್ದ ಬೆಕ್ಕಿನ ಕಡೆ ಬಗ್ಗಿದರು. "ಈ ಬೆಕ್ಕನ್ನ ಎಲ್ಲೋ ನೋಡಿದೀನಿ."

"ಅದು ಸಮಿತಿ ಬೆಕ್ಕು" ಎಂದರು ಹೆಸ್ಟರ್. "ಎಲ್ಲ ಮನೆಗೂ ಮಂಜೂರಾಗಿದೆ."

"ಎಲ್ಲ ಪಾತೀಲೂ ಹಿಂದುಗಡೆ ಒಂದು ಹಳ್ಳ ಇದೆಯಲ್ಲ?"

"ಏಕರೂಪತೆ, ಸರ್."

ಅವರು ಬರೆದುಕೊಂಡರು. ಹದಿಮೂರನೇ ಸುತ್ತು ಮುಗಿಸಿ ಬಂದವರು ಬೆಂಚಿನ ಮೇಲೆ, ಸೆಡ್ರಿಕ್ ಪಕ್ಕದಲ್ಲಿ ಕೂತು ಶೂ ಸಡಿಲ ಮಾಡಿದರು. ಸೆಡ್ರಿಕ್ ಗೇಟಿನ ಹಲಗೆಯತ್ತ ಒಮ್ಮೆ ನೋಡಿದ. ಗುಟ್ಟು ರಟ್ಟಾದರೆ ಸೋಮವಾರ ಮತ್ತೆ ಗುದ್ದಲಿ ಬರುತ್ತದೆ.

"ಹನ್ನೊಂದನೇ ಮನೆ ಚಹಾ ಸ್ವಲ್ಪ ನೀರಾಗಿತ್ತು" ಎಂದರು ವಿಂಟರ್‌ಬರ್ನ್. "ನಿಮ್ಮ ಮನೆ ಯಾವುದು?"

"ಕೊನೇದು ಸರ್. ಇನ್ನೂ ಬಂದಿಲ್ಲ."

ವಿಂಟರ್‌ಬರ್ನ್ ಪಾತಿಯನ್ನು ನೋಡಿದರು. ಅವನನ್ನು ನೋಡಿದರು. ಶೂ ಬಿಗಿದುಕೊಂಡರು.

"ಹಾಗಿದ್ರೆ ಇನ್ನೊಂದು ಸುತ್ತು ಹೋಗಿ ಬರ್ತೀನಿ. ಅಷ್ಟರೊಳಗೆ ಚಹಾಗೆ ನೀರಿಡಿ."

ಸ್ನೆಡ್‌ಬರಿಗೆ ಪ್ರಥಮ ಬಹುಮಾನ ಬಂತು. "ಹದಿನಾಲ್ಕು ಪಾತಿಗಳಲ್ಲೂ ಕಣ್ಣಿಗೆ ವಿಶ್ರಾಂತಿ ಸಿಕ್ಕಿತು. ಕಾಲಿಗೆ ಸಿಗಲಿಲ್ಲ" ಎಂದು ಷರಾ ಇತ್ತು.

ಆಮೇಲೆ ನಿಯಮಾವಳಿ ಅಚ್ಚಾಯಿತು. ನಿಯಮ ಒಂದು: ಪಾತಿಯನ್ನು ಅದರ ಪಾಡಿಗೆ ಬಿಡತಕ್ಕದ್ದು, ಯಾರೂ ಕೈ ಹಾಕಕೂಡದು. ನಿಯಮ ಎರಡು: ಪ್ರತಿ ಮನೆಯವರೂ ಸರದಿಯಂತೆ ಬಂದು, ಬೆಂಚಿನ ಮೇಲೆ ಕೂತು, ತಮ್ಮ ಪಾತಿಯನ್ನು ಅರ್ಧ ಗಂಟೆ ನೋಡತಕ್ಕದ್ದು. ಕಪ್ ಸಾಲದ ಕಾರಣ ಅವರವರ ಕಪ್ ಅವರವರೇ ತರತಕ್ಕದ್ದು. ಈಗ ಸೆಡ್ರಿಕ್‌ನ ಕಪಾಟಿನಲ್ಲಿ ಹದಿನೈದು ಕಪ್ ಇವೆ. ಡೆನ್ಜಿಲ್‌ನ ಸರದಿ ಗುರುವಾರ. ಅವನು ಉಳಿದ ದಿನವೂ ಬರುತ್ತಾನೆ. ಉಳಿದ ಹದಿಮೂರು ಮನೆಗಳ ಮುಂದೆ ಹಸನಾದ ನೆಲವಿದೆ. ಅಲ್ಲಿ ಈಗ ಸೈಕಲ್ ನಿಲ್ಲಿಸುತ್ತಾರೆ.

ಮರುವರ್ಷ ವಸಂತದಲ್ಲಿ ಹೆಸ್ಟರ್ ಒಣಗಿದ ಕಡ್ಡಿಯೊಂದನ್ನು ಮುರಿಯಲು ಕೈ ಚಾಚಿದರು.

"ಮೇಡಂ, ನಿಯಮ ಒಂದು" ಎಂದ ಸೆಡ್ರಿಕ್.

"ಹೌದ್ಹೌದು. ಮೇಬೆಲ್ ಹೇಳಿದ್ದು." ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಬಗ್ಗಿ ನೋಡಿದರು. "ಸೆಡ್ರಿಕ್, ಏಕರೂಪತೆಯ ಹಳ್ಳದಲ್ಲಿ ಏನೋ ಇದೆ."

ಡೆನ್ಜಿಲ್‌ನ ಗುದ್ದಲಿಗೆ ಸಿಗದೆ ಉಳಿದ ಬೇರಿನ ತುಂಡಿನಿಂದ, ಬೆರಳುದ್ದದ ಸೀ ಹಾಲಿ ಎದ್ದಿತ್ತು.

ಸಮಿತಿ ಬೆಂಚಿನ ಬಳಿಯೇ ಸಭೆ ಸೇರಿತು. ಹಳ್ಳ ದಾಖಲೆಯಲ್ಲಿದೆ, ಗಿಡ ಇಲ್ಲ ಎಂಬ ಆಕ್ಷೇಪ ಬಂತು. ಎರಡು ಸಲ ಚಹಾ ಆಯಿತು. ಕೊನೆಗೆ ಹೆಸ್ಟರ್ ಹಳೆಯ ನಡಾವಳಿಯಲ್ಲಿ ಒಂದು ಸಾಲು ಹೊಡೆದುಹಾಕಿ ಮೇಲೆ ಬರೆದರು: "ಗಿಡವು ತಡವಾಗಿ ಸಹಕರಿಸಿದೆ."

ಎಲ್ಲರೂ ಒಪ್ಪಿದರು. ಸೆಡ್ರಿಕ್ ರುಜು ಹಾಕಿ, ಕಪ್ ತೊಳೆಯಲು ಒಳಗೆ ಹೋದ. ತೊಳೆಯುವುದು ಬಹಳ ಇತ್ತು.