ರಾಹುಕಾಲ ತಪ್ಪಿಸಿ ಹುಲಿ ನೋಡಿದ್ದು

ಮನೆಯ ಜಂಜಾಟದಿಂದ ತಪ್ಪಿಸಿಕೊಳ್ಳಲು ಜನ ಪ್ರವಾಸ ಹೋಗುತ್ತಾರಂತೆ. ನಮ್ಮ ಮನೆಯವರು ಮಾತ್ರ ಮನೆಯನ್ನೂ ಗಂಟು ಕಟ್ಟಿಕೊಂಡೇ ಹೊರಡುತ್ತಾರೆ. ಪುಳಿಯೋಗರೆ ಗೊಜ್ಜು, ಪಂಚಾಂಗ, ಹೋದ ವರ್ಷ ಅರ್ಧಕ್ಕೆ ನಿಂತ ಜಗಳ ಎಲ್ಲವೂ ಜೊತೆಗೆ ಬರುತ್ತವೆ. ಮದುವೆಯಾದಾಗಿನಿಂದ ನನ್ನ ಹೆಂಡತಿ ವಸುಧಾಳಿಗೆ ನಾನು ತೋರಿಸಿದ್ದು ಬರೀ ಗೋಪುರಗಳನ್ನು. ಕೊನೆಗೆ ಅವಳೇ ಬಾಯಿಬಿಟ್ಟು ಹೇಳಿದಳು: "ರೀ, ಈ ಸಲ ದೇವರಿಲ್ಲದ ಜಾಗಕ್ಕೆ ಕರ್ಕೊಂಡು ಹೋಗಿ. ಕ್ಯೂನಲ್ಲಿ ನಿಂತು ನಿಂತು ನನ್ನ ಹಿಮ್ಮಡಿ ಸವೆದುಹೋಗಿದೆ. ಕಾಡಲ್ಲಿ ಓಡಾಡೋ ಒಂದು ಹುಲಿ ನೋಡ್ಬೇಕು ನಂಗೆ, ಅಷ್ಟೇ." ಸೀರೆ ಕೇಳದವಳು, ಒಡವೆ ಕೇಳದವಳು ಹುಲಿ ಕೇಳಿದಳು. ಇಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ.

ಚೆನ್ನೈನಲ್ಲಿರುವ ನನ್ನಂಥ ಕನ್ನಡಿಗರಿಗೆ ಒಂದು ಚಾಳಿಯಿದೆ. ಹುಟ್ಟಿ ಬೆಳೆದದ್ದು ಟ್ರಿಪ್ಲಿಕೇನಿನ ಗಲ್ಲಿಯಲ್ಲಾದರೂ ಕರ್ನಾಟಕದ ಆನೆ, ಹುಲಿಗಳೆಲ್ಲ ಖಾಸಾ ದಾಯಾದಿಗಳೆಂಬಂತೆ ಮಾತಾಡುತ್ತೇವೆ. ಗಿಂಡಿಯ ನಮ್ಮ ವಿಮಾ ಕಚೇರಿಯಲ್ಲಿ "ನಮ್ಮ ಬಂಡೀಪುರ" ಎಂದು ನಾನು ಎಷ್ಟು ಸಲ ಎದೆಯುಬ್ಬಿಸಿದ್ದೇನೋ ಲೆಕ್ಕವಿಲ್ಲ. ಅಲ್ಲಿಗೆ ಒಮ್ಮೆಯೂ ಕಾಲಿಟ್ಟವನಲ್ಲ. ಸಫಾರಿ ವಿಷಯ ಎತ್ತಿದ್ದೇ ತಡ, ಪಕ್ಕದ ಮೇಜಿನ ಸೆಲ್ವಂ "ಎದುಕ್ಕು ಸಾರ್ ಅವ್ವಳವು ದೂರಂ?" ಎಂದು ಕಿಟಕಿಯಾಚೆ ಕೈ ತೋರಿದರು. ಗಿಂಡಿಯ ಉದ್ಯಾನದಲ್ಲೇ ಜಿಂಕೆ ಇರುವಾಗ ಅಷ್ಟು ದೂರ ಯಾಕೆ ಎಂಬುದು ಅವರ ವಾದ. ಇನ್ನೊಬ್ಬರು ಹುಲಿಯನ್ನು ಹೇಗೆ ನೋಡಬೇಕೆಂದು ಊಟದ ಹೊತ್ತೆಲ್ಲ ಪಾಠ ಮಾಡಿದರು. ಯಾವ ಬಣ್ಣದ ಅಂಗಿ ತೊಡಬೇಕು, ಗಾಳಿ ಯಾವ ಕಡೆಯಿಂದ ಬೀಸಬೇಕು, ಎಲ್ಲ ಹೇಳಿದರು. ನೀವೆಷ್ಟು ಹುಲಿ ನೋಡಿದ್ದೀರಿ ಎಂದು ಕೇಳಿದೆ. ಹೋದಾಗಲೆಲ್ಲ ಬರೀ ನವಿಲು ಕಂಡಿತಂತೆ. ಹುಲಿ ಕಂಡವರು ಇಷ್ಟೊಂದು ಮಾತಾಡುವುದಿಲ್ಲವೆಂದು ಕಾಣುತ್ತದೆ.

ಅಂತೂ ಬುಧವಾರ ಸಂಜೆಯ ಸಫಾರಿ ಗೊತ್ತಾಯಿತು. ಅದಕ್ಕೆ ಮಂಗಳವಾರ ಮಧ್ಯಾಹ್ನ ತಾಂಬರಂನ ಮನೆಯಿಂದ ಹೊರಡಬೇಕು. ಅಮ್ಮ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಮುಖ ಗಂಟಿಕ್ಕಿದಳು. "ನೀನು ಹೊರಡೋ ಹೊತ್ತಿಗೆ ಸರಿಯಾಗಿ ರಾಹುಕಾಲ ಕಣೋ. ದೇವಸ್ಥಾನಕ್ಕಾದ್ರೆ ದೇವರು ನೋಡ್ಕೊಂಡಾನು. ಹುಲಿ ಹತ್ರ ಹೋಗೋರಿಗೆ ಯಾರಿದಾರೆ? ಪ್ರಸ್ಥಾನ ಇಟ್ಬಿಡು."

ಪ್ರಸ್ಥಾನವೆಂದರೆ ರಾಹುವಿಗೆ ಟೋಪಿ ಹಾಕುವ ವಿದ್ಯೆ. ಕೆಟ್ಟ ಘಳಿಗೆ ಬರುವ ಮೊದಲೇ ಪ್ರಯಾಣದ ಒಂದು ಚೀಲವನ್ನು ಪಕ್ಕದ ಮನೆಯಲ್ಲಿಟ್ಟು ಬಂದರೆ ನೀವು ಆಗಲೇ ಹೊರಟಂತೆ ಲೆಕ್ಕ. ಆಮೇಲೆ ಯಾವಾಗ ಬೇಕಾದರೂ ಹೋಗಿ, ದಾರಿಯಲ್ಲಿ ಚೀಲ ಎತ್ತಿಕೊಂಡರಾಯಿತು. ಗ್ರಹಗಳಿಗೆ ಇಷ್ಟು ಸುಲಭವಾಗಿ ಮೋಸ ಮಾಡಬಹುದಾದರೆ ನಮ್ಮ ಕಚೇರಿಗೆ ಬರುವ ಪಾಲಿಸಿದಾರರೇ ಅವಕ್ಕಿಂತ ಚುರುಕು. ಹೀಗೆಂದು ಅಮ್ಮನನ್ನು ಚೆನ್ನಾಗಿ ಗೇಲಿ ಮಾಡಿ, ಚೀಲ ಹಿಡಿದುಕೊಂಡು ಹೊರಟೆ. ಗೇಲಿ ಮಾಡುವುದು ಬೇರೆ, ಬಿಡುವುದು ಬೇರೆ. "ಹಳೇ ಟವೆಲ್ ಹಾಕಿ ಕೈತೊಳ್ಕೋಬೇಡ, ನಿಜವಾಗಿ ಬೇಕಾಗಿರೋದು ಇಡು" ಎಂದು ಅಮ್ಮ ಕೂಗಿದಳು. ಎದುರಿಗೆ ವಸುಧಾಳ ಕನ್ನಡಕವಿತ್ತು, ದೂರದ್ದು ನೋಡಲು ಅವಳು ಹೊರಗೆ ಮಾತ್ರ ಹಾಕಿಕೊಳ್ಳುವಂಥದ್ದು. ಅದನ್ನೇ ಚೀಲಕ್ಕೆ ಹಾಕಿ ಕೆಳಮನೆಯ ಮಾಮಿಯ ಕೈಗೆ ಕೊಟ್ಟು ಬಂದೆ.

ಹೊರಡುವಾಗ ನೋಡಿದರೆ ಮಾಮಿಯ ಬಾಗಿಲಿಗೆ ಬೀಗ. ಮಂಗಳವಾರದ ರಾಹುಕಾಲದಲ್ಲಿ ದುರ್ಗೆಗೆ ನಿಂಬೆಹಣ್ಣಿನ ದೀಪ ಹಚ್ಚಲು ದೇವಸ್ಥಾನಕ್ಕೆ ಹೋಗಿದ್ದರು. ನಾವು ಹೆದರಿ ತಪ್ಪಿಸಿಕೊಂಡ ಹೊತ್ತೇ ಅವರಿಗೆ ಪುಣ್ಯಕಾಲ. ಫೋನು ಮಾಡಿದರೆ ಬೀಗ ಹಾಕಿದ ಮನೆಯೊಳಗೇ ರಿಂಗಾಯಿತು. ಆಟೋದವನು ಹಾರ್ನ್ ಮೇಲಿಂದ ಕೈ ತೆಗೆಯಲಿಲ್ಲ, ರೈಲು ನಮಗಾಗಿ ಕಾಯುವುದಿಲ್ಲ. ಚೀಲದಲ್ಲಿ ಏನಿತ್ತೆಂದು ನಾನು ವಸುಧಾಳಿಗೆ ಹೇಳಿದ್ದು ರೈಲು ಹೊರಟ ಮೇಲೆ. ಮೈಸೂರು ಹತ್ತಿರವಾದಾಗ ಅವಳು ಇಷ್ಟೇ ಹೇಳಿದಳು: "ಹುಲಿ ಬಂದ್ರೆ ನೀವೇ ನೋಡಿ ಹೇಳಿ. ಒಂದೂ ಬಿಡ್ಬಾರ್ದು. ಮೀಸೆ ಸಮೇತ ಹೇಳ್ಬೇಕು."

ಬುಧವಾರ ಸಂಜೆ ಕಾಡಿನಲ್ಲಿ ಬಹಳ ಹೊತ್ತು ಜಿಂಕೆಗಳೇ ಕಂಡವು. ಸೆಲ್ವಂ ಅವರ ಮುಖ ನೆನಪಾಗಿ ಹೊಟ್ಟೆ ಉರಿಯಿತು. ಇನ್ನೇನು ಹಿಂತಿರುಗಬೇಕು ಅನ್ನುವಾಗ ಜೀಪಿನ ಚಾಲಕ ಎಂಜಿನ್ ಆರಿಸಿ, "ಎಡಗಡೆ ಸಾರ್, ಬಿದಿರು ಮೆಳೆ ಪಕ್ಕ. ಮಾತಾಡ್ಬೇಡಿ" ಎಂದ. ಹುಲಿ ಮೆಳೆಯಿಂದ ಈಚೆ ಬಂದು ನಿಂತಿತು. ವಸುಧಾ ನನ್ನ ತೋಳು ಹಿಡಿದುಕೊಂಡು, "ಏನ್ ಮಾಡ್ತಿದೆ? ಹೇಳ್ರೀ" ಎಂದು ಪಿಸುಗುಟ್ಟಿದಳು. ಅಷ್ಟರಲ್ಲಿ ಅದು ಕತ್ತು ತಿರುಗಿಸಿ ನೇರ ನಮ್ಮ ಕಡೆ ನೋಡಿತು. ನನ್ನ ಕಣ್ಣು ತಾವಾಗಿ ಮುಚ್ಚಿಕೊಂಡವು, ಕೈ ತಾವಾಗಿ ಮುಗಿದವು. ಗಲ್ಲಗಲ್ಲ ಬಡಿದುಕೊಂಡೆ. ಗಂಟೆಗಟ್ಟಲೆ ಕ್ಯೂನಲ್ಲಿ ನಿಂತು, ಗರ್ಭಗುಡಿಯ ಪರದೆ ಸರಿದ ಕೂಡಲೇ ಕಣ್ಣು ಮುಚ್ಚುವುದು ನಮ್ಮ ವಂಶದ ಅಭ್ಯಾಸ. ಕಣ್ಣು ಬಿಟ್ಟಾಗ ಬಿದಿರು ಮಾತ್ರ ಅಲ್ಲಾಡುತ್ತಿತ್ತು.

"ಹೇಗಿತ್ತು?" ಎಂದಳು ವಸುಧಾ.

"ಬಹಳ ಚೆನ್ನಾಗಿತ್ತು. ದೊಡ್ಡದು. ಒಳ್ಳೇ ಮೀಸೆ" ಎಂದೆ.

ಅವಳು ನನ್ನ ತೋಳು ಬಿಟ್ಟಳು. "ಹುಲಿ ದೂರ ಇತ್ತು, ನಂಗೆ ಕಾಣ್ಲಿಲ್ಲ. ನೀವು ಪಕ್ಕದಲ್ಲೇ ಇದ್ರಿ. ಇಷ್ಟು ಹತ್ರದ್ದು ನಂಗೆ ಕನ್ನಡಕ ಇಲ್ದೇನೂ ಕಾಣತ್ತೆ."