ಡೆಲ್ಮರನ ಹೆಡರ್, ವರ್ನಾಳ ಆಲೂಗಡ್ಡೆ

ಓಹಾಯೊದ ಡೆಲ್ಮರ್ ಮನಸ್ಸು ಮಾಡಿದನೆಂದರೆ ಬ್ರಹ್ಮ ಬಂದರೂ ಕದಲುವವನಲ್ಲ. ತನ್ನ 1969ರ, ದೈತ್ಯ ಎಂಜಿನ್ನಿನ ಕೆಂಪು ಮಸಲ್ ಕಾರಿಗೆ ಹುಟ್ಟಿನಿಂದ ಬಂದ ಮ್ಯಾನಿಫೋಲ್ಡ್ ಕಿತ್ತು ಹೆಡರ್ ಹಾಕಿಯೇ ಸಿದ್ಧ! ಎರಡರ ಕೆಲಸವೂ ಒಂದೇ, ಎಂಜಿನ್ನಿನ ಬಿಸಿ ಹೊಗೆಯನ್ನು ಹೊರಗೆ ದಾಟಿಸುವುದು. ಮ್ಯಾನಿಫೋಲ್ಡ್ ಬೀಡುಕಬ್ಬಿಣದ್ದು, ಅಗಲವಾಗಿ ಗಟ್ಟಿಯಾಗಿ ಕೂತಿರುತ್ತದೆ. ಹೆಡರ್ ಸಪೂರ ಕೊಳವೆಗಳ ಗೊಂಚಲು. ಶಕ್ತಿ ಜಾಸ್ತಿ, ಗುಡುಗು ಇನ್ನೂ ಜಾಸ್ತಿ.

ಕಾರ್ ಪ್ರದರ್ಶನದ ಮೊದಲ ಬಹುಮಾನದ ಕಪ್ಪು ಮೂರು ವರ್ಷದಿಂದ ಅವನದೇ. ನಾಲ್ಕನೆಯದೂ ಬಂದರೆ ಕ್ಲಬ್ಬಿನ ಗೋಡೆಯ ಮೇಲೆ ಹೆಸರು ಖಾಯಂ.

"ಇರೋದು ಚೆನ್ನಾಗೇ ಇದೆಯಲ್ಲ, ಯಾಕೆ ಕೈ ಹಾಕ್ತೀಯ?" ಎಂದಳು ಹೆಂಡತಿ ವರ್ನಾ.

"ಎಂಜಿನ್ ವಿಷಯ ನಿಂಗೇನು ಗೊತ್ತು ಮಾರಾಯ್ತಿ?"

"ಗೊತ್ತಿಲ್ಲಪ್ಪ. ನನ್ನ ಆಲೂಗಡ್ಡೆ ಎಲ್ಲಿಡ್ಲಿ, ಅಷ್ಟು ಹೇಳು."

ಪ್ರದರ್ಶನದ ದಿನ ವರ್ನಾ ಆಲೂಗಡ್ಡೆಗೆ ಬೆಣ್ಣೆ ಸವರಿ, ಫಾಯಿಲ್ ಸುತ್ತಿ ಮ್ಯಾನಿಫೋಲ್ಡಿನ ಮೇಲಿಡುವುದು ಮದುವೆಯಾದಾಗಿನ ವಾಡಿಕೆ. ಮೈದಾನದವರೆಗಿನ ನಲವತ್ತು ಮೈಲಿ ಮುಗಿಯುವಷ್ಟರಲ್ಲಿ ಹದವಾಗಿ ಬೆಂದಿರುತ್ತಿತ್ತು.

"ಹೆಡರ್ ಮೇಲೇ ಇಡು. ಇನ್ನೂ ಬೇಗ ಬೇಯುತ್ತೆ," ಎಂದ ಡೆಲ್ಮರ್, ಸಕಲ ಶಾಸ್ತ್ರ ಬಲ್ಲವನಂತೆ.

ಇಟ್ಟಳು. ಕಾರು ಗುಡುಗುತ್ತ ಹೊರಟಿತು. ಇನ್ನೆರಡು ಮೈಲಿ ಇದೆ ಎನ್ನುವಾಗ ಒಂದು ತಿರುವಿನಲ್ಲಿ ಆಲೂಗಡ್ಡೆಗಳು ಕೊಳವೆಗಳ ಸಂದಿಗೆ ಜಾರಿ ಫಾಯಿಲ್ ಹರಿಯಿತು, ಬೆಣ್ಣೆ ಹೊತ್ತಿಕೊಂಡಿತು. ಬಾನೆಟ್ಟಿನಿಂದ ಹೊಗೆ ಏಳತೊಡಗಿತು. ರಸ್ತೆಬದಿಯ ಜನ ಕೈ ಬೀಸಿದರು. ಡೆಲ್ಮರನೂ ಮಹಾರಾಜನ ಠೀವಿಯಲ್ಲಿ ಕೈ ಬೀಸಿದ.

"ಹೆಡರ್ ಸದ್ದಿಗೆ ಜನ ಹೆಂಗೆ ಮರುಳಾಗಿದ್ದಾರೆ ನೋಡು!"

"ಗಾಡಿ ನಿಲ್ಸು ಅಂತಿದ್ದಾರೆ ಮಾರಾಯ."

ನಿಲ್ಲಿಸಿದ್ದು ಪ್ರದರ್ಶನದ ಮೈದಾನದಲ್ಲೇ. ಯಾರೋ ಪುಣ್ಯಾತ್ಮರು ಓಡಿಬಂದು ಬೆಂಕಿ ನಂದಿಸುವ ನೊರೆಯಿಂದ ಎಂಜಿನ್ನಿಗೆ ಧಾರಾಳವಾಗಿ ಅಭಿಷೇಕ ಮಾಡಿದರು.

ಅಷ್ಟರಲ್ಲಿ ಪ್ರತಿ ವರ್ಷದ ತೀರ್ಪುಗಾರ ಆರ್ವಿಲ್ ಬಂದ. ಎಪ್ಪತ್ತು ದಾಟಿದ ಹಿರಿಯ. ಒಂದು ಕೈಯಲ್ಲಿ ಅಂಕಪಟ್ಟಿ, ಇನ್ನೊಂದರಲ್ಲಿ ಉಪ್ಪಿನ ಪೊಟ್ಟಣ.

"ನೊರೆ ಒರೆಸಿಬಿಡ್ತೀನಿ, ಹೆಡರ್ ನೋಡಿ ಸಾರ್. ಹೊಸದು!" ಎಂದ ಡೆಲ್ಮರ್, ಇನ್ನೂ ಎದೆಯುಬ್ಬಿಸಿಯೇ.

ಆರ್ವಿಲ್ ಬಗ್ಗಿ ನೋಡಿದ. ಕೊಳವೆಗಳ ನಡುವೆ ಕರ್ರಗಿನ ಇದ್ದಿಲು.

"ಆಲೂಗಡ್ಡೆ?"

"ಅದೇ ಸಾರ್, ಅದು."

ಆರ್ವಿಲ್ ಉಪ್ಪಿನ ಪೊಟ್ಟಣವನ್ನು ಮೆಲ್ಲಗೆ ಜೇಬಿಗೆ ಸೇರಿಸಿದ.

"ಡೆಲ್ಮರ್, ಬೇಜಾರು ಮಾಡ್ಕೋಬೇಡ ಕಣಯ್ಯ. ನಿನ್ನ ಕಾರು ಮೊದಲಿಂದ್ಲೂ ಐದನೇ ಸ್ಥಾನದ್ದೇ. ನಾನು ಕಪ್ಪು ಕೊಡ್ತಿದ್ದಿದ್ದು ಆಲೂಗಡ್ಡೆಗೆ."

ಅಂದು ಸಂಜೆಯೇ ಮೂರೂ ಕಪ್ಪುಗಳು ನಡುಮನೆಯ ಷೋಕೇಸಿನಿಂದ ವರ್ನಾಳ ಅಡುಗೆಮನೆಯ ಕಪಾಟಿಗೆ ಹೋದವು. ಹೊತ್ತುಕೊಂಡು ಹೋಗಿಟ್ಟವನು ಡೆಲ್ಮರನೇ.