ಟೇಪಿನ ಮನುಷ್ಯನಿಗೆ ಗಂಧದ ಹಾರ

ಅಮೆರಿಕದ ಸ್ಟರ್ಲಿಂಗ್ ಹೈಟ್ಸ್ ಊರಿನ ನಮ್ಮ ಅಪಾರ್ಟ್‌ಮೆಂಟಿನ ಕೆಳಮನೆಯಲ್ಲಿ, ಸೋಫಾಕ್ಕೂ ಟೀವಿಗೂ ನಡುವೆ, ಪಾಯಸದ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಾನು ನಿಂತಿದ್ದೆ. ಇಸವಿ ಎರಡು ಸಾವಿರ ಬಂದರೆ ಕಂಪ್ಯೂಟರುಗಳೆಲ್ಲ ಕೆಟ್ಟುಹೋಗುತ್ತವೆಂದು ನಮ್ಮಂಥವರಿಗೆ ಕೈತುಂಬ ಕೆಲಸವಿದ್ದ ಚಳಿಗಾಲ, ಒಂದು ಭಾನುವಾರ ಮಧ್ಯಾಹ್ನ. ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣವಿದೆ. ಅಲ್ಲಿ ನಡೆದದ್ದರಲ್ಲಿ ನನ್ನ ಪಾತ್ರವೇನೂ ಇಲ್ಲ, ನಾನು ಬರೀ ನಿಂತಿದ್ದೆ.

ಆ ಮನೆ ಗಲೀನಾ ಆಂಟಿಯದು. ರಷ್ಯಾದಿಂದ ಬಂದ ಹಿರಿಯರು. ನಾನೂ ನನ್ನ ಹೆಂಡತಿ ಸುಮಾಳೂ ಆಫೀಸಿಗೆ ಹೋದಾಗ ನಮ್ಮ ಮೂರು ವರ್ಷದ ಮಗಳು ಪೂರ್ವಿಯನ್ನು ನೋಡಿಕೊಳ್ಳುತ್ತಿದ್ದವರು ಅವರೇ. ಅವರು ಮುನಿಸಿಕೊಂಡರೆ ನಮ್ಮಿಬ್ಬರಲ್ಲಿ ಒಬ್ಬರು ಕೆಲಸ ಬಿಡಬೇಕು. ಹಾಗಾಗಿ ಅವರ ಮನೆಯಲ್ಲಿ ನಾವು ಕೆಮ್ಮಲೂ ಹೆದರುತ್ತಿದ್ದೆವು. ಮಗುವನ್ನು ಮಲಗಿಸಲು ಆಂಟಿ ಒಂದು ಹಳೆಯ ಕ್ಯಾಸೆಟ್ ಹಾಕುತ್ತಿದ್ದರು. ಗಿಟಾರಿನ ತಂತಿ ಕಿತ್ತುಬರುವಂತೆ ಮೀಟುತ್ತ, ಗಂಟಲು ಹರಿಯುವಂತೆ ಒಬ್ಬ ಹಾಡುತ್ತಿದ್ದ. ಮಲಗಿದ ಮಕ್ಕಳು ಎದ್ದು ಅಳಬೇಕಾದ ದನಿ. ಪೂರ್ವಿ ಅದಕ್ಕೇ ನಿದ್ದೆ ಹೋಗುತ್ತಿದ್ದಳು. ನನ್ನ ಜೋಗುಳವನ್ನು ಅವಳು ಒಪ್ಪುತ್ತಿದ್ದದ್ದು ನನಗೆ ನೆಗಡಿಯಾಗಿ ಗಂಟಲು ಕಟ್ಟಿದಾಗ ಮಾತ್ರ.

ಆಂಟಿಯ ಗೋಡೆಯ ಮೇಲೆ ಒಬ್ಬನ ಫೋಟೋ ಇತ್ತು. ಸುಮಾ ಕೇಳಿದ್ದಕ್ಕೆ, "ಚಿಕ್ಕ ವಯಸ್ಸಿನಲ್ಲೇ ಹೋದ. ಈಗಲೂ ಅಳು ಬರುತ್ತೆ" ಎಂದಿದ್ದರಂತೆ. ಗಂಡನೇ ಇರಬೇಕೆಂದು ನಾವು ತೀರ್ಮಾನಿಸಿದೆವು. ಅಂದಿನಿಂದ ಆ ಫೋಟೋದೆದುರು ನಾನು ದನಿ ತಗ್ಗಿಸಿ ಮಾತಾಡುತ್ತಿದ್ದೆ.

ಸುಮಾ ತನ್ನ ತಂದೆಯ ಫೋಟೋಗೆಂದು ಮೈಸೂರಿನಿಂದ ತರಿಸಿದ ಗಂಧದ ಹಾರಗಳಲ್ಲಿ ಒಂದು ಉಳಿದಿತ್ತು. "ಪಾಪ, ಅವರ ಯಜಮಾನ್ರ ಫೋಟೋ ಬೋಳುಬೋಳಾಗಿದೆ ಕಣ್ರೀ" ಎಂದು ಆ ಭಾನುವಾರ ಅದನ್ನು ತಂದಿದ್ದಳು. ಆಂಟಿ ಚಹಾ ಮಾಡಲು ಒಳಗೆ ಹೋದಾಗ ಸೋಫಾ ಹತ್ತಿ ಹಾರ ಹಾಕಿ, ಗಾಜಿನ ಮೇಲೆ ಕುಂಕುಮವನ್ನೂ ಇಟ್ಟಳು. ಆಂಟಿ ಬಂದವರು ಟ್ರೇ ಹಿಡಿದು ಬಾಗಿಲಲ್ಲೇ ನಿಂತರು.

"ಮಮ್ಮಿ, ದಟ್ಸ್ ದ ಟೇಪ್ ಮ್ಯಾನ್!" ಎಂದಳು ಪೂರ್ವಿ.

"ಮಂಡೇ ಇವಳನ್ನ ಎಲ್ಲಿ ಬಿಡೋದ್ರೀ?" ಎಂದು ಸುಮಾ ಪಿಸುಗುಟ್ಟಿದಳು.

ಆಮೇಲೆ, ನಿಮ್ಮ ಯಜಮಾನರಿಗೆಂದೇ ತಂದ ಹಾರ ಎಂದು ಆಂಟಿಗೆ ಹೇಳಿದಳು. ಆಂಟಿ ನಿಧಾನವಾಗಿ ಕೂತರು. ಗಂಡ ಬದುಕಿದ್ದಾನೆ, ಅವನನ್ನು ಬಿಟ್ಟೇ ಬಂದದ್ದು, ಅವನ ಫೋಟೋ ಯಾಕೆ ಹಾಕಲಿ ಎಂದರು. ಇವನು ನಾಟಕದ, ಸಿನಿಮಾದ ನಟ. ಹಾಡುಗಳನ್ನು ತಾನೇ ಕಟ್ಟಿ ಹಾಡುತ್ತಿದ್ದ. ಸರ್ಕಾರ ಮೆಚ್ಚಲಿಲ್ಲ, ಜನ ಟೇಪಿನಿಂದ ಟೇಪಿಗೆ ಇಳಿಸಿಕೊಂಡು ಮನೆಮನೆಗೆ ಮುಟ್ಟಿಸಿದರು. ಅವನು ಸತ್ತಾಗ ಎಲ್ಲರ ಮನೆಯಲ್ಲೂ ಸಾವಾದಂತಿತ್ತು.

"ಆದರೆ ಈ ಹಾರ ಯಾಕೆ?" ಎಂದು ಆಂಟಿ ಕೇಳಿದರು.

ನಮ್ಮೂರ ಆಟೋ ಸ್ಟ್ಯಾಂಡುಗಳಲ್ಲೂ ಮೆಚ್ಚಿನ ನಟನ ಫೋಟೋಗೆ ಡ್ರೈವರುಗಳು ಹೀಗೇ ಹಾರ ಹಾಕುತ್ತಾರೆ ಎಂದೆ.

"ಡ್ರೈವರುಗಳಾ?" ಆಂಟಿಯ ಮುಖ ಅರಳಿತು. "ಅವನು ಲಾರಿ ಡ್ರೈವರುಗಳ ಮೇಲೂ ಹಾಡು ಕಟ್ಟಿದ್ದಾನೆ. ಹಾಗಾದರೆ ಇರಲಿ." ಎದ್ದು ಹೋಗಿ ಕ್ಯಾಸೆಟ್ ಹಾಕಿದರು. ಒಂದಕ್ಷರ ಅರ್ಥವಾಗದಿದ್ದರೂ ಅಂದು ನನ್ನ ಮೈ ಜುಮ್ಮೆಂದಿತು. ಪೂರ್ವಿ ಅಲ್ಲೇ ನಿದ್ದೆ ಹೋದಳು.

ಇದನ್ನು ಕಂಡ ಮೂವರೂ ಇನ್ನೂ ಇದ್ದಾರೆ. ಇಟಾಸ್ಕಾದಲ್ಲಿ ಮಗನ ಮನೆಯಲ್ಲಿ, ಹಾರದ ಫೋಟೋದ ಜೊತೆಗೆ ಗಲೀನಾ ಆಂಟಿ, ಇಲ್ಲಿ ಸುಮಾ, ಕಾಲೇಜಿನಲ್ಲಿ ಪೂರ್ವಿ. ಮೂವರನ್ನೂ ಬೇರೆ ಬೇರೆಯಾಗಿ ವಿಚಾರಿಸಿ ನೋಡಿದ್ದೇನೆ. ಮೂವರೂ ಹೇಳುವುದು ಒಂದೇ: ಸುಮಾ ಹಾರ ಹಾಕಿದ ಮೇಲೆ ಪಾಯಸದ ಡಬ್ಬಿಯನ್ನು ಟೀವಿಯ ಮೇಲಿಟ್ಟು, ಕಣ್ಣು ಮುಚ್ಚಿ ಕೈ ಮುಗಿದವನು ನಾನೇ.